ಹುಡುಗಿಯ ಫೋಟೊ ನೀಲಿ ಬಂದದ್ದು

ಕೊಂಢವಾ ಎಂಬ ಬಡಾವಣೆಯ ಸ್ಟುಡಿಯೋದಲ್ಲಿ ಡಿಜಿಟಲ್ ಫೋಟೊ ತಿದ್ದುವ ಕೆಲಸ ನನ್ನದು. ಆ ವರ್ಷ ನವರಾತ್ರಿಗೆ ಮೊದಲು ಪರದೆಯ ಮೇಲೆ ಕಪ್ಪು, ಬೂದು, ಬಿಳಿ ಪಟ್ಟಿಗಳನ್ನು ಇಟ್ಟುಕೊಂಡು, ಒಂದಿಡೀ ದಿನ ಕೂತು ಮಾನಿಟರಿನ ಬಣ್ಣ ಹೊಂದಿಸಿದ್ದೆ. ಹಾಗಾಗಿ ಹಬ್ಬದ ಮರುದಿನ ತೆಗೆದ ಹುಡುಗಿಯೊಬ್ಬಳ ಫೋಟೊ ಹಳದಿ ಕಂಡಾಗ ಟ್ಯೂಬ್‌ಲೈಟನ್ನು ಬೈದೆನೇ ಹೊರತು ಮಾನಿಟರನ್ನು ಅನುಮಾನಿಸಲಿಲ್ಲ. ನೀಲಿ ಹೆಚ್ಚಿಸಿ ಪ್ರಿಂಟ್ ಹಾಕಿಸಿದೆ.

ಒಯ್ಯಲು ಬಂದವರು ಹುಡುಗಿಯ ತಾಯಿ, ಧಾರವಾಡದ ಕಡೆಯವರು. ಅವತ್ತೇ ವರನ ಮನೆಗೆ ಫೋಟೊ ಕಳಿಸಬೇಕಿತ್ತು.

"ಏನ್ರಿ ಇದು? ನನ್ನ ಮಗಳಿಗೆ ಹಾವು ಕಡದಂಗ ಕಾಣಸ್ತದಲ್ರಿ! ನೋಡಿದವರು ಹುಡುಗಿಗೆ ಏನೋ ಜಡ್ಡು ಅದ ಅಂತಾರ."

ಈ ಸಂಬಂಧ ತಪ್ಪಿದರೆ ಪಾಪ ನನಗೇ. ಮಾನಿಟರನ್ನು ಅವರ ಕಡೆ ತಿರುಗಿಸಿ, "ಇಲ್ಲಿ ಸರಿ ಅದ ನೋಡ್ರಿ ಅಕ್ಕಾರ" ಅಂದೆ.

"ಎಲ್ಲಿ ಸರಿ ಅದ?" ಎನ್ನುತ್ತ ಅವರು ಗಾಜಿನ ಮೇಲೆ ಮಗಳ ಗಲ್ಲವನ್ನು ಬೆರಳಿನಿಂದ ತಿಕ್ಕಿದರು. ತಿಕ್ಕಿದಷ್ಟು ಜಾಗ ನೀಲಿಯಾಯಿತು. ಅವರ ಬೆರಳು ಹಳದಿಯಾಯಿತು. ಮೂಸಿ ನೋಡಿದರು.

"ಅರಿಶಿಣ! ಖಂಡೇನವಮಿಗೆ ಇದಕ್ಕೂ ಪೂಜಾ ಮಾಡೀರೇನು?"

ಮಾಡಿದ್ದೆ. ಆಯುಧಪೂಜೆಗೆಂದು ಗಾಜಿಗೆ ನಾನೇ ಅರಿಶಿಣ ಹಚ್ಚಿ, ಮರುದಿನ ಹಸಿ ಬಟ್ಟೆಯಿಂದ ಒರೆಸಿದ್ದೆ. ಒರೆಸಿದ್ದೇನು, ಪರದೆಗೆಲ್ಲ ಬಳಿದಿದ್ದೆ.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. "ಇರಲಿ ಬಿಡ್ರಿ. ಲಗ್ನಕ್ಕ ಮೊದಲ ಹುಡುಗಿಗೆ ಅರಿಶಿಣ ಹತ್ತೇದ, ಶಕುನ ಚಲೋ ಅದ. ಫೋಟೊ ಮಾತ್ರ ಈಗಿಂದೀಗ ಮತ್ತ ಮಾಡಿಕೊಡ್ರಿ."

ಪೂಜೆಯನ್ನು ನಾನು ಇನ್ನೂ ಬಿಟ್ಟಿಲ್ಲ. ಅರಿಶಿಣ ಮಾತ್ರ ಮಾನಿಟರಿನ ಬೆನ್ನಿಗೆ.