ಮುಂದೆ ಹಾಕುವ ಗುಳಿಗೆ

ಸೊಸೆ ಹಾಸಿಗೆಯಲ್ಲೇ ಬೀಡಿ ಸೇದುತ್ತಾಳೆ ಎಂದು ನನ್ನ ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು. ಬೀಡಿಯಲ್ಲ ಅದು, ಥರ್ಮಾಮೀಟರ್. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಏಳುವುದಕ್ಕೂ ಮೊದಲು, ಮಾತೂ ಆಡದೆ ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಎದ್ದು ಓಡಾಡಿದರೆ ಮೈಬಿಸಿ ಏರಿಬಿಡುತ್ತದೆ, ಆ ದಿನದ ಲೆಕ್ಕ ಹಾಳು. ಚಿತ್ತಾಪುರದ ನಮ್ಮ ಮನೆಯಲ್ಲಿ ಸರಿಯಾಗಿ ಆ ಹೊತ್ತಿಗೇ ಅಡುಗೆಮನೆಯಿಂದ ಕೂಗು ಬರುತ್ತಿತ್ತು, ರೊಟ್ಟಿ ಬಡಿ ಬಾ ಎಂದು. ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಓಗೊಡುವುದು ಹೇಗೆ? ಓಗೊಡದಿದ್ದರೆ ಸೊಕ್ಕು.

ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಮಗಳು ಹುಟ್ಟಿದಾಗ ತುಂಬಾ ರಕ್ತ ಹೋಗಿತ್ತು. ಇನ್ನು ಮೂರು ವರ್ಷ ಬಸಿರು ಬೇಡವೇ ಬೇಡ, ಜೀವಕ್ಕೆ ಕುತ್ತು ಎಂದಿದ್ದರು ಡಾಕ್ಟರಮ್ಮ. ಕಾಪರ್-ಟಿ ಹಾಕಿಸಿದರೆ ಮತ್ತೆ ರಕ್ತ ಹರಿಯಿತು, ತೆಗೆಸಿದೆ. ದಿನದ ಗುಳಿಗೆಗೆ ತಲೆ ಸಿಡಿಯುತ್ತಿತ್ತು. ನಿರೋಧ್ ಎಂದರೆ ಗಂಡ ಮುಖ ತಿರುಗಿಸುತ್ತಿದ್ದ. ಹಾಗಾಗಿ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನನ್ನ ಮೈಯನ್ನೇ ಓದಲು ಕಲಿತೆ. ತತ್ತಿಯ ಬಿಳಿಯಂಥ ಲೋಳೆ ಕಂಡರೆ ಬಸಿರು ನಿಲ್ಲುವ ದಿನಗಳು ಬಂದವು, ದೂರ ಇರಬೇಕು. ಆಮೇಲೆ ಮೈಬಿಸಿ ಒಂದು ಚೂರು ಏರುತ್ತದೆ. ಏರಿದ್ದು ಕೆಲವು ದಿನ ಹಾಗೇ ನಿಂತರೆ ಅಪಾಯ ಕಳೆಯಿತು. ಮತ್ತೆ ಇಳಿದರೆ ಮುಟ್ಟು ಬರುತ್ತದೆ. ಮೊದಲ ಸಲ ನಾನು ಅಂದಾಜು ಮಾಡಿದ ದಿನವೇ ಮುಟ್ಟು ಬಂದಾಗ ಪರೀಕ್ಷೆ ಪಾಸಾದಷ್ಟು ಖುಷಿಯಾಗಿತ್ತು ನೋಡಿ.

ನನಗೆ ಇಂದಿಗೂ ಸಿಟ್ಟು ಬರುವುದು ಬೇರೆಯದಕ್ಕೆ. ಆ ಮನೆಯಲ್ಲಿ ನನ್ನ ದಿನಗಳನ್ನು ಎಲ್ಲರೂ ಎಣಿಸುತ್ತಿದ್ದರು. ಸೊಸೆ ಯಾವಾಗ ಹೊರಗಾಗುತ್ತಾಳೆ, ಯಾವಾಗ ಒಲೆ ಮುಟ್ಟಬಾರದು, ಈ ಸಲವಾದರೂ ನಿಂತಿತೇ ಎಂದು ಅತ್ತೆ ಬೆರಳು ಮಡಿಚುತ್ತಿದ್ದರು. ಪೂಜೆ ಇಟ್ಟುಕೊಳ್ಳುವ ಮೊದಲು ಮಾವನೂ ಅದನ್ನೇ ಕೇಳುತ್ತಿದ್ದರು. ನಾನು ನನಗಾಗಿ ಎಣಿಸಿಕೊಂಡಾಗ ಮಾತ್ರ ಅದು ಕೆಟ್ಟ ಹೆಂಗಸಿನ ಕೆಲಸವಾಯಿತು.

ಒಂದು ಶುಕ್ರವಾರ ಸನ್ನತಿಗೆ ಹೋಗಿ ದೇವಿಗೆ ಉಡಿ ತುಂಬಿ ಮೊಮ್ಮಗನನ್ನು ಬೇಡುವುದೆಂದು ಅತ್ತೆ ಗೊತ್ತು ಮಾಡಿದರು. ಬೆರಳು ಮಡಿಚಿದರೆ ನನ್ನ ಮುಟ್ಟೂ ಅದೇ ಶುಕ್ರವಾರಕ್ಕೆ. ಮೆಡಿಕಲ್ ಅಂಗಡಿಯಿಂದ ಮುಟ್ಟು ಮುಂದೆ ಹಾಕುವ ಗುಳಿಗೆ ತರಿಸಿ ನನ್ನ ಮುಂದಿಟ್ಟರು. ಮದುವೆ, ಪೂಜೆ ಎಂದರೆ ನಮ್ಮ ಕಡೆ ಹೆಂಗಸರು ಇದನ್ನು ಶೇಂಗಾ ತಿಂದ ಹಾಗೆ ತಿನ್ನುತ್ತಾರೆ. ನುಂಗಿದರೆ ಇಳಿಯಬೇಕಾದ ಮೈಬಿಸಿ ಇಳಿಯುವುದಿಲ್ಲ, ಮುಂದಿನ ತಿಂಗಳ ಅಂದಾಜೂ ತಪ್ಪುತ್ತದೆ. ಬಸಿರು ತಪ್ಪಿಸಲು ನನಗೆ ಉಳಿದಿದ್ದ ದಾರಿ ಆ ಲೆಕ್ಕವೊಂದೇ.

"ಬ್ಯಾಡ್ರಿ ಅತ್ತಿ, ನಾ ನುಂಗಂಗಿಲ್ಲ," ಅಂದೆ.

"ದೇವಿಗಿಂತ ನಿನ್ನ ಬೀಡಿ ದೊಡ್ಡದಾತೇನು?"

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಗಂಡನೂ ಅವ್ವನ ಕಡೆಗೇ. ಒಂದು ತಿಂಗಳಲ್ಲಿ ಏನಾಗುತ್ತದೆ, ನುಂಗು ಎಂದ.

"ಹಂಗಾದ್ರ ಆ ತಿಂಗಳ ಪೂರಾ ನೀವು ಮಾಳಗಿ ಮ್ಯಾಲ ಮಲಗ್ರಿ."

ಅವನು ತಾಟು ಸರಿಸಿ ಎದ್ದುಹೋದ. ಗುಳಿಗೆ ಇಟ್ಟಲ್ಲೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಮೈಬಿಸಿ ಇಳಿದಿತ್ತು. ಇವತ್ತು ಬರುತ್ತದೆ, ನನ್ನನ್ನು ಬಿಟ್ಟು ಹೋಗಿರಿ ಎಂದೆ. ನಾಟಕ ಎಂದು ಬೈದು ಜೀಪು ಹತ್ತಿಸಿದರು. ಭೀಮಾ ಹೊಳೆ ಕಾಣುವ ಹೊತ್ತಿಗೆ ಬಂದೇಬಿಟ್ಟಿತು. ಎಲ್ಲರೂ ಗುಡಿಯೊಳಗೆ ಹೋದರು, ನಾನು ಹೊರಗೆ ಬೇವಿನ ನೆರಳಲ್ಲಿ ಕುಳಿತೆ. ತಿರುಗಿ ಬಂದ ಅತ್ತೆ ನನ್ನ ಮೈ ತಾಗದಂತೆ ತೆಂಗಿನಕಾಯಿಯ ಒಂದು ಚೂರನ್ನು ಕಲ್ಲಿನ ಮೇಲಿಟ್ಟರು.

"ಮೊಮ್ಮಗನ್ನ ಬೇಡೀನಿ. ದೇವಿ ಗೆಲ್ತಾಳೋ ನಿನ್ನ ಬೀಡಿ ಗೆಲ್ತದೋ, ನೋಡೇಬಿಡ್ತೀನಿ."

"ನೋಡ್ರಿ," ಅಂದೆ. ಆ ಚೂರನ್ನು ತೆಗೆದು ಅವರ ಎದುರೇ ತಿಂದೆ.

ಮರುದಿನ ಬೆಳಿಗ್ಗೆ ಪಡಸಾಲೆಯ ಮೂಲೆಯಲ್ಲಿ, ಹೊರಗಾದವಳಿಗೆಂದು ಹಾಸಿದ ಕಂಬಳಿಯ ಮೇಲೆ ಎಚ್ಚರವಾಯಿತು. ಹೊರಗಾದವಳನ್ನು ಒಲೆಗೆ ಕರೆಯುವಂತಿಲ್ಲ, ಅದು ಅವರದೇ ಕಟ್ಟಳೆ. ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡು ಅದು ಸದ್ದು ಮಾಡುವವರೆಗೂ ಕಣ್ಣು ಮುಚ್ಚಿ ಮಲಗಿದೆ. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ರೊಟ್ಟಿ ಬಡಿಯುತ್ತಿದ್ದರು. ಪ್ರತಿ ಏಟೂ ನನಗೇ ಬೀಳಬೇಕಾದ್ದು ಎನ್ನುವಷ್ಟು ಜೋರಾಗಿತ್ತು.