ಕಂಕನಾಡಿ ಜಂಕ್ಷನ್

ಉಮರಬ್ಬರಿಗೆ ನಡೆಯಲು ಮೊಣಕಾಲು ಬಿಡುವುದಿಲ್ಲ, ಸೈಕಲ್ ತುಳಿಯಲು ಮಾತ್ರ ಬಿಡುತ್ತದೆ. ಅಳಿಯ ಸಫ್ವಾನ್ ದುಬೈಯಿಂದ ತಂದುಕೊಟ್ಟ ಮಡಚುವ ಸೈಕಲಿನಲ್ಲೇ ಹಂಪನಕಟ್ಟೆಯ ಚಪ್ಪಲಿ ಅಂಗಡಿಗೆ ಹೋಗುತ್ತಾರೆ, ಮಸೀದಿಗೂ ಹೋಗುತ್ತಾರೆ. ಈಗ ಮುಂಬಯಿಗೂ ಅದೇ ಬೇಕಂತೆ! ಅಲ್ಲಿ ಮಗಳು ಶೈಮಾಳಿಗೆ ಮೊದಲ ಹೆರಿಗೆ, ಆಸ್ಪತ್ರೆಗೆ ಗಂಜಿ ಕೊಂಡುಹೋಗುವವರು ಬೇಡವಾ ಎಂಬುದು ಅವರ ವಾದ.

"ಹೆರಿಗೆಗೆ ಹೋಗುವವರು ಸೈಕಲ್ ಹೊರುವುದಾ? ನಿಮಗೆ ತಲೆ ಸಮ ಉಂಟಾ?" ಬೋಳಾರದ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಹೊರಡುವಾಗಲೇ ಹೆಂಡತಿ ಮುಮ್ತಾಝ್ ಶುರು ಮಾಡಿದ್ದಳು. ರಿಕ್ಷಾ ಹತ್ತಿದ ಮೇಲೆ ಫೋನು ಬಂತು. ಶೈಮಾಳಿಗೆ ದಿನಕ್ಕೆ ಮೊದಲೇ ನೋವು. ಗಂಡ ದುಬೈಯಲ್ಲಿ, ಜೊತೆಗಿರುವವಳು ಪಕ್ಕದ ಮನೆಯಾಕೆ ಮಾತ್ರ.

"ಉಮ್ಮ, ಬೇಗ ಬಾ" ಎಂದು ಹುಡುಗಿ ತಾಯಿಯೊಡನೆ ಅತ್ತಳು.

ರಿಕ್ಷಾ ನಿಂತಿತು. ಇಬ್ಬರೂ ಅದೇ ಗಾಬರಿಯಲ್ಲಿ ಸಾಮಾನಿನೊಂದಿಗೆ ಇಳಿದರು, ರಿಕ್ಷಾ ಹೋಯಿತು. ನೋಡಿದರೆ ಎದುರಿಗೆ ಮಾರ್ಕೆಟ್ಟು, ನಾಲ್ಕು ರಸ್ತೆ, ಮುಗಿಯದ ವಾಹನಗಳ ಬ್ಲಾಕು. ರೈಲಿನ ಸುಳಿವೇ ಇಲ್ಲ!

"ನೀವು ಅವನಿಗೆ ಎಂತ ಹೇಳಿದ್ದು?"

"ಕಂಕನಾಡಿ ಜಂಕ್ಷನ್ ಅಂತ."

ಹಳಬರ ಬಾಯಲ್ಲಿ ರೈಲ್ವೆ ನಿಲ್ದಾಣ ಕಂಕನಾಡಿ ಸ್ಟೇಷನ್, ಟಿಕೆಟಿನಲ್ಲಿ ಮಂಗಳೂರು ಜಂಕ್ಷನ್. ಪುಣ್ಯಾತ್ಮ ಎರಡನ್ನೂ ಬೆರೆಸಿದ್ದರು. ಚಾದರ ಸುತ್ತಿದ್ದ ಸೈಕಲನ್ನು ಪೇಟೆಗೆ ಒಯ್ಯುವ ಹೊಲಿಗೆ ಯಂತ್ರವೋ ಏನೋ ಎಂದುಕೊಂಡ ರಿಕ್ಷಾದವನು ಪೇಟೆಯ ಜಂಕ್ಷನ್ನಿಗೇ ತಂದು ಬಿಟ್ಟಿದ್ದ. ಅವನದೇನು ತಪ್ಪು?

ಸ್ಟೇಷನ್ ದೂರ, ಗಾಡಿ ಹೊರಡಲು ಅರ್ಧ ಗಂಟೆಯೂ ಇಲ್ಲ. ಕೈ ತೋರಿಸಿದ ರಿಕ್ಷಾಗಳಲ್ಲೆಲ್ಲ ಜನ. ಮುಮ್ತಾಝ್ ನಡುರಸ್ತೆಯಲ್ಲೇ ಅಳತೊಡಗಿದಳು. ಉಮರಬ್ಬ ಚಾದರ ಕಿತ್ತು, ಸೈಕಲ್ ಬಿಡಿಸಿ, ಚಿಲಕ ಬಿಗಿದರು.

"ಹಿಂದೆ ಕೂತುಕೋ."

"ನಾನಾ? ಜನ ಎಂತ ಹೇಳಿಯಾರು?"

"ನಿನ್ನ ಮಗಳು ಎಂತ ಹೇಳಿದ್ದು?"

ಅವಳು ಬ್ಯಾಗನ್ನು ಮಡಿಲಲ್ಲಿಟ್ಟು ಕೂತಳು.

ಪಂಪ್‌ವೆಲ್ ತನಕ ಇಳಿಜಾರು, ಪರವಾಗಿಲ್ಲ. ಬಸ್ಸುಗಳು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆದವು. ನಾಗುರಿಯ ಏರು ಬಂದಾಗ ಉಮರಬ್ಬರ ಮೊಣಕಾಲಿನಲ್ಲಿ ಬೆಂಕಿ ಬಿತ್ತು. "ಇಳಿಯಲಾ?" ಎಂದಳು. "ಸುಮ್ಮನೆ ಕೂತುಕೋ ಮಾರಾಯ್ತಿ, ಇಳಿದರೆ ನಾನು ಮತ್ತೆ ಹತ್ತುವವನಲ್ಲ." ಹಲ್ಲು ಕಚ್ಚಿ ತುಳಿದರು. ಬೆನ್ನ ಹಿಂದೆ ಅವಳು ದುವಾ ಮಾಡುತ್ತಿದ್ದಳು.

ಯಾರು ಬೈದರೂ ಕೇಳದೆ ಸೈಕಲನ್ನು ನೇರ ಪ್ಲಾಟ್‌ಫಾರ್ಮಿಗೇ ನುಗ್ಗಿಸಿದರು. ಗಾಡಿ ಇನ್ನೂ ನಿಂತಿತ್ತು! ಎದುರಿಗಿದ್ದ ಬೋಗಿಗೆ ಅವಳನ್ನು ಹತ್ತಿಸಿ ಬ್ಯಾಗು ಕೊಟ್ಟರು. ಇನ್ನು ಸೈಕಲ್ ಮಡಚಬೇಕು. ಚಿಲಕ ಜಪ್ಪಯ್ಯ ಅಂದರೂ ಬಿಡಲಿಲ್ಲ. ಸಿಳ್ಳೆ ಕೇಳಿತು.

"ಅದನ್ನು ಬಿಸಾಡಿ ಹತ್ತಿ!" ಮುಮ್ತಾಝ್ ಬಾಗಿಲಲ್ಲಿ ಕೂಗಿದಳು.

ಬಿಸಾಡಿದರು, ಖಂಡಿತ ಬಿಸಾಡಿದರು. ಆದರೆ ಕಾಲು ಏಳಲಿಲ್ಲ. ಅದರಲ್ಲಿದ್ದುದೆಲ್ಲ ನಾಗುರಿಯ ಏರಿನಲ್ಲೇ ಮುಗಿದುಹೋಗಿತ್ತು. ಗಾಡಿ ಸರಿಯಿತು. ಬಾಗಿಲಲ್ಲಿದ್ದ ಹೆಂಡತಿಯ ಮುಖ ಸಣ್ಣದಾಗುತ್ತಾ ಹೋಯಿತು. ಉಮರಬ್ಬ ಪ್ಲಾಟ್‌ಫಾರ್ಮಿನ ನೆಲದಲ್ಲೇ ಕೂತರು, ಕಣ್ಣು ತುಂಬಿ ಬಂತು.

ಫೋನು ಹೊಡೆಯಿತು.

"ಕಾಲು ಹೇಗೆ ಉಂಟು?" ಮುಮ್ತಾಝ್ ಕೇಳಿದಳು.

"ಉಂಟು. ನೀನು ಮಗಳನ್ನು ನೋಡಿಕೋ."

"ನಾಳೆಯ ಗಾಡಿಗೆ ಬನ್ನಿ. ಸೈಕಲ್ ಬಿಟ್ಟು ಬರಬೇಡಿ. ಅಲ್ಲಿ ಗಂಜಿ ತರುವವರು ಯಾರು? ಮತ್ತೆ, ರಿಕ್ಷಾದವನಿಗೆ ರೈಲು ಅಂತ ಹೇಳಿ, ಆಯ್ತಾ? ರೈಲು."