ಬಿಳಿ ಗೆರೆಯ ಮೇಲಿನ ಭತ್ತ

ಅಪ್ಪ ಸೈಕಲ್‌ನಿಂದ ಬಿದ್ದದ್ದು ಗುರುವಾರ, ಬೆಳಿಗ್ಗೆ ಏಳೂಕಾಲಿಗೆ. ಕಂಪ್ಲಿಯ ಅಕ್ಕಿ ಗಿರಣಿಗೆ ಹೊರಟಿದ್ದರು. ಎರಡು ಟ್ರೇಲರ್ ಕಟ್ಟಿಕೊಂಡು ಬಂದ ಟ್ರ್ಯಾಕ್ಟರ್‌ನಿಂದ ಹೊರಚಾಚಿದ್ದ ಕಬ್ಬು ಹ್ಯಾಂಡಲ್‌ಗೆ ತಗುಲಿತು. ಎಡ ಮೊಣಕೈಗೆ ಒಂಬತ್ತು ಹೊಲಿಗೆ. ಇನ್ನೊಮ್ಮೆ ಬಿದ್ದರೆ ಈ ಕೈ ಚೀಲ ಎತ್ತಲಾರದು ಎಂದರು ಡಾಕ್ಟರು. ಗಿರಣಿಯಲ್ಲಿ ಅಪ್ಪನ ಕೆಲಸವೇ ಚೀಲ ಎತ್ತುವುದು.

ಮರುದಿನದಿಂದ ಕಾಲೇಜಿನ ಬಸ್ಸಿಗೆ ಕಾಯುವ ಅರ್ಧ ಗಂಟೆ ಕಬ್ಬಿನ ಗಾಡಿಗಳನ್ನು ಎಣಿಸಿ ಬರೆದಿಡತೊಡಗಿದೆ. ಹನ್ನೊಂದು ದಿನದಲ್ಲಿ ಜೋಡಿ ಟ್ರೇಲರ್ ಅರವತ್ತೆರಡು. ಹಿಂದೆ ಹೊಳೆಯುವ ಕೆಂಪು ಪಟ್ಟಿ ಇದ್ದವು ನಾಲ್ಕು. ಯಾರಾದರೂ ತಡೆದು ನಿಲ್ಲಿಸಿದ್ದು ಒಂದೂ ಇಲ್ಲ.

ಆ ಲೆಕ್ಕವನ್ನೂ ಅಪ್ಪ ಬಿದ್ದದ್ದನ್ನೂ ಬರೆದ ಪುಟಗಳನ್ನು ಹಿಡಿದು ಠಾಣೆಗೆ ಹೋದೆ. ಅಲ್ಲಿದ್ದ ಹಿರಿಯ ಪೊಲೀಸರು ಚಹಾ ಬದಿಗಿಟ್ಟು ಪೂರ್ತಿ ಓದಿದರು.

"ಭಾಳ ಛಲೋ ಬರ್ದೀಯವ್ವಾ. ನಮ್ಮ ಸಾಹೇಬ್ರೂ ಹಿಂಗ ಬರೆಯಂಗಿಲ್ಲ. ಮತ್ತ ಭತ್ತದ ಲೆಕ್ಕ ಎಲ್ಲೈತಿ?"

"ಯಾವ ಭತ್ತಾರೀ?"

"ರಸ್ತಿ ಅಂಚಿನ ಬಿಳಿ ಗೆರಿ ಮ್ಯಾಲೆ ಹರವೀರಲ್ಲ, ಅದು. ನಿಮ್ಮಪ್ಪ ನಡು ರಸ್ತಿಗೆ ಯಾಕ ಬಂದ, ಕೇಳಿದ್ಯಾ? ಭತ್ತ ತೆಗೀರಿ ಅಂದ್ರ ನಿಮ್ಮೂರವ್ರು ಮೈಮ್ಯಾಲೆ ಬರ್ತಾರ. ಕಬ್ಬು ತಡದ್ರ ಕಬ್ಬಿನವ್ರು ಬರ್ತಾರ. ಯಾರನ್ನ ಹಿಡೀಲಿ, ನೀನ ಹೇಳು."

ಪುಟಗಳನ್ನು ಮಡಚಿಕೊಂಡು ಹೊರಬಂದೆ. ಕೊಯ್ಲಾದ ಮೇಲೆ ಡಾಂಬರಿನ ಮೇಲೆ ಭತ್ತ ಒಣಗಿಸುವುದು ನಮ್ಮ ಕಡೆಯ ರೂಢಿ. ಆ ಗುರುವಾರ ಅಪ್ಪ ಬಳಸಿಕೊಂಡು ಹೋದದ್ದು ನಮ್ಮದೇ ಭತ್ತವನ್ನು. ಗಾಡಿ ಹಾಯದಿರಲೆಂದು ಅದರ ಅಂಚಿಗೆ ಕಲ್ಲು ಜೋಡಿಸಿದವಳು ನಾನು.

ಶನಿವಾರ ಅವ್ವನೂ ನಾನೂ ರಸ್ತೆಯಲ್ಲಿ ಉಳಿದಿದ್ದ ನಮ್ಮ ಭತ್ತವನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕಿದೆವು. ಮಧ್ಯಾಹ್ನ ಹೋಗಿ ನೋಡಿದರೆ ಆ ಜಾಗದಲ್ಲಿ ಪಕ್ಕದ ಮನೆಯ ದೊಡ್ಡಪ್ಪ ತಮ್ಮ ಭತ್ತ ಹರವುತ್ತಿದ್ದರು.

"ದೊಡ್ಡಪ್ಪಾ, ಸೈಕಲ್ ಹೋಗ್ಲಿ ಅಂತ ತೆಗ್ದಿದ್ವಿ."

"ಖಾಲಿ ಇತ್ತಲ್ಲವ್ವಾ. ನಿಮಗ ಬ್ಯಾಡಾದ್ರ ಇಷ್ಟು ಬಿಸಿಲು ಸುಮ್ನ ಹೋಗ್ಲೇನು?"

ಮನೆಯಲ್ಲಿ ಅಪ್ಪನೂ ಅವರ ಪರವಾಗಿಯೇ ಮಾತಾಡಿದರು. "ಹಸಿ ಭತ್ತ ಮಿಲ್ಲಿನ್ಯಾಗ ತಗೊಳ್ಳಂಗಿಲ್ಲ. ಅವನರ ಏನು ಮಾಡ್ಯಾನು, ಬಿಡು."

ಸೋಮವಾರ ಅಪ್ಪ ಮತ್ತೆ ಕೆಲಸಕ್ಕೆ ಹೊರಟರು. ನಾನು ಬಸ್‌ಸ್ಟಾಪಿನಿಂದ ನೋಡುತ್ತಿದ್ದೆ. ಭತ್ತದ ಹತ್ತಿರ ಸೈಕಲ್ ಇಳಿದು, ಹಿಂದೆ ತಿರುಗಿ ನೋಡಿ, ತಳ್ಳಿಕೊಂಡು ನಡು ರಸ್ತೆಗೆ ಬಂದರು. ಬೆನ್ನ ಹಿಂದೆಯೇ ಕಬ್ಬಿನ ಟ್ರ್ಯಾಕ್ಟರ್ ಬಂದು ಹಾರ್ನ್ ಹೊಡೆಯತೊಡಗಿತು. ಅಪ್ಪ ಎಡಗೈಯನ್ನು ಎದೆಗೊತ್ತಿಕೊಂಡು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ನಡೆಯುತ್ತಿದ್ದರು. ಭತ್ತ ಮುಗಿಯಲು ಇನ್ನೂ ನಲವತ್ತು ಹೆಜ್ಜೆ ಇತ್ತು.